ಕೊಳವೆ ಒಬ್ಬರದು, ದಿಂಡು ಒಬ್ಬರದು

ಹಡಪಸರ, ಪುಣೆ
೮ ಜೂನ್ ೨೦೨೫

ಗೋದಾ,

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ಹರಿದು ಹಾಕುವ ಮುಂಚೆ ಇಷ್ಟು ಓದು. ಮನೆ ಹಿಸೆಯಾದ ದಿನ ಹಿರಿಯರೆಲ್ಲ ಕೂತಿದ್ದಾಗ, "ಇನ್ನ ಮ್ಯಾಲ ಈಕಿ ಕೂಡ ನಾ ಮಾತಾಡಂಗಿಲ್ಲ" ಎಂದು ನಾನು ಅಂದೆ, ನೀನೂ ಅಂದೆ. ಹನ್ನೊಂದು ವರ್ಷ ಇಬ್ಬರೂ ಆ ಹಟ ನಡೆಸಿಕೊಂಡು ಬಂದಿದ್ದೇವೆ. ಆದರೆ ಬರೆಯುವುದಿಲ್ಲ ಎಂದು ಯಾರೂ ಅಂದಿರಲಿಲ್ಲ. ಆದ್ದರಿಂದ ಇದು ಮಾತಲ್ಲ, ಕಾಗದ.

ನಿನ್ನ ಮಗಳು ರೇಣುವಿನ ಲಗ್ನ ಗೊತ್ತಾಯಿತಂತೆ. ತುಳಸಿ ಲಗ್ನ ಮುಗಿದ ಮೇಲೆ ಮುಹೂರ್ತವಂತೆ. ಯಾರು ಹೇಳಿದರು ಎಂದು ಕೇಳಬೇಡ. ನಮ್ಮ ಯಜಮಾನರು ಅಪ್ಪಾಸಾಹೇಬರೂ ಅವರ ತಮ್ಮ, ನಿನ್ನ ಗಂಡ ಬಾಳುವೂ ವಾರಕ್ಕೊಮ್ಮೆ ಶಿವಾಜಿನಗರದ ಬಸ್ ಸ್ಟ್ಯಾಂಡಿನ ಹತ್ತಿರ ಕೂತು ಚಹಾ ಕುಡಿಯುತ್ತಾರೆ. ಆಸ್ತಿಯ ಜೊತೆಗೆ ಜಗಳವನ್ನೂ ಹಂಚುವಾಗ ಅದಷ್ಟೂ ನಮ್ಮಿಬ್ಬರ ಪಾಲಿಗೆ ಬಂದಿತು ನೋಡು, ಅಣ್ಣತಮ್ಮಂದಿರು ಆರಾಮಾಗಿದ್ದಾರೆ.

ರೇಣುವಿಗೆ ಎಣ್ಣೆ ತಿಕ್ಕಿ ಎರೆದವಳು ನಾನು. ಅವಳ ಲಗ್ನದ ಬುತ್ತಿಗೆ ನಮ್ಮ ಅತ್ತೆಯವರ ಹಿತ್ತಾಳೆ ಒರಳಿನಲ್ಲೇ ಚಕ್ಕುಲಿ ಒತ್ತುತ್ತೇನೆಂದು ಅವಳು ಫ್ರಾಕು ಹಾಕುತ್ತಿದ್ದಾಗಲೇ ಹೇಳಿದ್ದೆ. ಆ ಒರಳಿನ ಗತಿ ನಿನಗೆ ಗೊತ್ತು. ಪಾತ್ರೆ ಪಡಗವೆಲ್ಲ ಸರಿಪಾಲಾಗಿ ಕೊನೆಗೆ ಅದೊಂದು ಉಳಿದಾಗ ನನಗೇ ಬೇಕೆಂದು ನಾನು, ನನಗೇ ಬೇಕೆಂದು ನೀನು. ಬೇಸತ್ತ ಹಿರಿಯರು ಹಿಟ್ಟು ತುಂಬುವ ಕೊಳವೆಯನ್ನು ನನಗೂ ಮೇಲಿಂದ ಒತ್ತುವ ದಿಂಡನ್ನು ನಿನಗೂ ಕೊಟ್ಟು ಊಟಕ್ಕೆ ಎದ್ದು ಹೋದರು. ಅಂದಿನಿಂದ ನನ್ನ ಕೊಳವೆಯಲ್ಲಿ ಊದಿನಕಡ್ಡಿ ನಿಲ್ಲಿಸಿದ್ದೇನೆ. ನಿನ್ನ ದಿಂಡು ಏನು ಮಾಡುತ್ತಿದೆಯೋ ತಿಳಿಯದು.

ಅದನ್ನು ನಿನ್ನ ಹತ್ತಿರ ಕೇಳುವವಳು ನಾನಲ್ಲ. ಹೊಸ ದಿಂಡು ಮಾಡಿಸೋಣವೆಂದು ಇಲ್ಲಿಯ ವರ್ಕ್‌ಶಾಪುಗಳನ್ನೆಲ್ಲ ತಿರುಗಿದೆ. ನಮ್ಮ ಹಿಂದಿನ ಓಣಿಯಲ್ಲಿ ಮಾಂತು ಅಂತ ಇದ್ದಾನೆ, ಜಮಖಂಡಿ ಕಡೆಯವನು. ಅವನು ನಕ್ಕು, "ಅವ್ವಾರ, ಒಂದ ಪೀಸಿಗೆ ಯಾರೂ ಮಷೀನ್ ಹಚ್ಚಂಗಿಲ್ರಿ. ಬೇಕಂದ್ರ ಆ ಮೂಲ್ಯಾಗಿನ ಹಳೀ ಮಷೀನ ಒಯ್ರಿ, ನೀವ ಮಾಡ್ಕೋರಿ" ಎಂದ. ಅವನು ಅಂದದ್ದು ಚೇಷ್ಟೆಗೆ. ನಾನು ಒಯ್ದೆ.

ಹೌದು, ಲೇತ್ ಮಷೀನು. ಲೋಹದ ತುಂಡನ್ನು ಗರಗರ ತಿರುಗಿಸುತ್ತ ಉಳಿ ತಾಗಿಸಿ ದುಂಡಗೆ ಕಡೆಯುವಂಥದು. ನಾನು ಬ್ಲೌಸು ಹೊಲಿಯುತ್ತಿದ್ದ ಕೋಣೆಯಲ್ಲೇ ಇಳಿಸಿದ್ದೇನೆ. "ಒಂದ್ ಚಕ್ಕಲಿ ಸಲುವಾಗಿ ಮನ್ಯಾಗ ಕಾರ್ಖಾನಿ ತಂದಾಳ" ಎಂದು ನಿಮ್ಮ ಭಾವ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಾರೆ.

ಮನೆಗೆ ಬಂದು ಕುಂಕುಮ ಹಚ್ಚಿ ಕರೆದರೆ ಲಗ್ನಕ್ಕೆ ಬರುತ್ತೇನೆ. ಅಂಚೆಯಲ್ಲಿ ಪತ್ರಿಕೆ ಕಳಿಸಿದರೆ ಬರುವುದಿಲ್ಲ. ನಾನು ಬರದಿದ್ದರೂ ಚಕ್ಕುಲಿ ಬರುತ್ತದೆ. ಉತ್ತರ ಬೇಕಾಗಿಲ್ಲ.

ಇಂದಿಗೂ ರೇಣುವಿನ ದೊಡ್ಡವ್ವನೇ ಆಗಿರುವ
ಪ್ರೇಮಾವತಿ


ವಾಕಡ, ಪುಣೆ
೧೭ ಜೂನ್ ೨೦೨೫

ಅಕ್ಕಾವರಿಗೆ,

ಇದು ಉತ್ತರವಲ್ಲ. ಕಾಗದ ಮುಟ್ಟಿತೆಂದು ತಿಳಿಸುವುದು ರೀತಿ, ಅದಕ್ಕೆ ಬರೆಯುತ್ತಿದ್ದೇನೆ.

ದಿಂಡು ಚೆನ್ನಾಗಿದೆ. ಯಾಲಕ್ಕಿ ಕುಟ್ಟಲು ಬರುತ್ತದೆ. ಇಲ್ಲಿ ಮೇಲಿನ ಮಹಡಿಯಲ್ಲಿ ಗಾಳಿ ಹೆಚ್ಚು, ಉಳಿದ ಹೊತ್ತು ಬಾಲ್ಕನಿಯ ಬಾಗಿಲು ಬಡಿದುಕೊಳ್ಳದಂತೆ ಅಡ್ಡ ಇಟ್ಟಿರುತ್ತೇನೆ. ಊದಿನಕಡ್ಡಿ ಹೊತ್ತು ನಿಲ್ಲುವುದಕ್ಕಿಂತ ಎಷ್ಟೋ ಮೇಲು.

ಶಿವಾಜಿನಗರದ ಚಹಾದ ಸುದ್ದಿ ನನಗೆ ಹೊಸದು. "ಬ್ಯಾಂಕಿಗೆ ಹೋಗಿ ಬರ್ತೀನಿ" ಎಂದು ಹೇಳಿ ಹೋಗುತ್ತಿದ್ದರು. ನಿನ್ನೆ ಕೂಡಿಸಿಕೊಂಡು ಕೇಳಿದೆ. ಚಹಾದ ಜೊತೆ ಕಾಂದಾ ಭಜಿಯೂ ಉಂಟೆಂದು ಒಪ್ಪಿಕೊಂಡರು. ಭಾವನವರಿಗೆ ಬಿ.ಪಿ. ಇದೆ, ನಿಮ್ಮ ಮನೆಯ ಕಡೆ ನೀವು ನೋಡಿಕೊಳ್ಳಿ.

ಮಷೀನಿನ ಸುದ್ದಿಗೆ ರೇಣು ಕುಣಿದಾಡಿದಳು. "ದೊಡ್ಡವ್ವ ಅಂದ್ರ ದೊಡ್ಡವ್ವ" ಅಂದಳು. ನಾನು ಕುಣಿಯಲಿಲ್ಲ. ಹೊಲಿಗೆ ಮಷೀನಿನ ಸೂಜಿ ನಿಮ್ಮ ಬೆರಳಿನಲ್ಲಿ ಹೊಕ್ಕಾಗ ಅದನ್ನು ಹಿಡಿದು ಕಿತ್ತವಳು ನಾನು. ಅದು ಬರೀ ಸೂಜಿ. ಸೆರಗು ಬಿಗಿಯಾಗಿ ಸಿಕ್ಕಿಸಿಕೊಂಡು ಕೆಲಸ ಮಾಡಿ.

ಲಗ್ನಕ್ಕೆ ಯಾರನ್ನು ಹೇಗೆ ಕರೆಯಬೇಕೆಂಬುದನ್ನು ಮನೆಯವರು ಕೂತು ನೋಡುತ್ತಾರೆ.

ಗೋದಾ


ಹಡಪಸರ
೬ ಜುಲೈ ೨೦೨೫

ಗೋದಾ,

ನಿನ್ನ ಉತ್ತರವಲ್ಲದ ಕಾಗದ ಬಂತು. ಭಜಿ ಬಂದ್ ಆಗಿದೆ. ಅದಕ್ಕೆ ನಿಮ್ಮ ಭಾವ ನಿನ್ನ ಮೇಲೆ ಮುನಿಸಿಕೊಂಡಿದ್ದಾರೆ, ನಾನು ಮೊದಲ ಸಲ ನಿನ್ನ ಪರವಾಗಿ ಮಾತಾಡಿದೆ.

ಮಷೀನು ಬಂದ ದಿನದ ಕಥೆ ಕೇಳು. ಮನೆಗೆ ಲಕ್ಷ್ಮಿ ಬಂದಳೆಂದು ಪೂಜೆ ಮಾಡಿದೆ. ಅದರ ಉದ್ದನೆಯ ಕಬ್ಬಿಣದ ಹಾಸು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದರ ಮೇಲೆಯೇ ವಿಭೂತಿ ಕಲಸಿ ಮೂರು ಬೆರಳು ಎಳೆದೆ, ಅಲ್ಲೇ ಕಾಯಿ ಒಡೆದು ನೀರು ಬಿಟ್ಟೆ, ಹಸಿ ಮಾವಿನ ಎಲೆ ಹಾಸಿ ಕೈಮುಗಿದೆ. ಹೊರಗೆ ಮಳೆ ಬೇರೆ. ಮರುದಿನ ಎಲೆ ತೆಗೆದರೆ ವಿಭೂತಿ ಇದ್ದ ಜಾಗದಲ್ಲಿ ಮೂರು ಕೆಂಪು ಪಟ್ಟೆ, ತುಕ್ಕು! ಮಾಂತು ಬಂದು ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡ. "ಅವ್ವಾರ, ಇದಕ್ಕ ಎಣ್ಣಿ ಹಚ್ಚೂದ ಪೂಜಾ ನೋಡ್ರಿ. ನೀರು ಸೋಕಿಸಬ್ಯಾಡ್ರಿ, ದೇವರ ಆಣಿ" ಎಂದ. ದಿನವೆಲ್ಲ ಎಣ್ಣೆ ಹಾಕಿ ತಿಕ್ಕಿದೆವು. ತುಕ್ಕು ಹೋಯಿತು, ಆದರೆ ಮೂರು ಪಟ್ಟೆಯ ನೆರಳು ಹೋಗಲಿಲ್ಲ. ನಮ್ಮ ಮಷೀನು ಈಗ ಕಾಯಂ ವಿಭೂತಿ ಧರಿಸಿಕೊಂಡಿದೆ.

ಅವನು ಇನ್ನೆರಡು ಮಾತು ಹೇಳಿ ಹೋದ. ತುಂಡನ್ನು ಕಚ್ಚಿ ಹಿಡಿಯುವ ಚಕ್ಕಿನಲ್ಲಿ ಚಾವಿ ಬಿಟ್ಟು ಮಷೀನು ಚಾಲೂ ಮಾಡಬಾರದು, ಮಾಡಿದರೆ ಚಾವಿ ಹಾರಿ ಬಂದು ಹಲ್ಲು ಉದುರಿಸುತ್ತದೆ. ಎರಡನೆಯದು, "ಸೆರಗು, ಹೆಳಲು, ಬಳಿ. ಮಷೀನಿಗೆ ಇವು ಮೂರಂದ್ರ ಭಾಳ ಪ್ರೀತಿ. ಹಿಡದ್ರ ಬಿಡಂಗಿಲ್ಲ." ಸೆರಗಿನ ಮೇಲೆ ನಿಮ್ಮ ಭಾವನ ಹಳೆಯ ಅಂಗಿ ಹಾಕಿ ಗುಂಡಿ ಬಿಗಿದೆ. ಹೆಳಲು ಸುತ್ತಿ ಕಟ್ಟಿದೆ. ಬಳೆ ಮಾತ್ರ ಉಳಿಯಿತು. ಗಂಡ ಎದುರಿಗೇ ಅವಲಕ್ಕಿ ತಿನ್ನುತ್ತ ಕೂತಿರುವಾಗ ಹಸಿರು ಬಳೆ ತೆಗೆಯುವುದೆಂದರೇನು? ಅವರೇ "ತಗೀ, ನಾ ಎಲ್ಲಿ ಹೋಗ್ತೀನಿ" ಎಂದರು. ಸಾಬೂನು ಹಚ್ಚಿ ತೆಗೆದು ಮೊಳೆಗೆ ತೂಗುಹಾಕಿದೆ.

ಮೊದಲ ಕಬ್ಬಿಣದ ತುಂಡು ಕಡೆದೆ. ಸುರುಳಿ ಸುರುಳಿ ಕೀಸು ಹೊರಗೆ ಬಂದಾಗ ನನಗೆ ಆದ ಸಂತೋಷ ಹೇಳಲಾರೆ. ಉಳಿಯನ್ನು ತುಸು ಕೆಳಗೆ ಕಟ್ಟಿದ್ದೆನಂತೆ, ತುಂಡಿನ ನಡುವೆ ಮೊಳಕೆಯಂಥ ಒಂದು ಗಂಟು ಉಳಿದುಬಿಟ್ಟಿತು. ಬಿಸ್ಕಿಟ್ ಡಬ್ಬಿಯ ತಗಡು ಕತ್ತರಿಸಿ ಉಳಿಯ ಕೆಳಗೆ ಕೊಟ್ಟೆ, ಗಂಟು ಹೋಯಿತು. ಅರವತ್ತು ದಾಟಿದ ಮೇಲೆ ಇಂಥದೊಂದು ಹುಚ್ಚು ಹಿಡಿಯಬೇಕು ಗೋದಾ, ಬಹಳ ಚೆನ್ನಾಗಿರುತ್ತದೆ.

ಪ್ರೇಮಾವತಿ


ಹಡಪಸರ
೨೦ ಜುಲೈ ೨೦೨೫

ಗೋದಾ,

ನಿನ್ನನ್ನು ನೋಡಿದೆ. ಕಿಟಕಿಯಿಂದ ನೋಡಿದೆ.

ಆದದ್ದು ಇಷ್ಟು. ಆ ದಿನ ಬೆಳಿಗ್ಗೆ ಪಕ್ಕದ ಮನೆಯ ಸಾಬವ್ವ ಹೆಪ್ಪಿಗೆ ಮೊಸರು ಕೇಳಲು ಬಂದಳು. ನಾನು ಮಷೀನಿನ ಮುಂದೆ ಇದ್ದೆ. ಎಣ್ಣೆಯ ಹೊಗೆಗೆ ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ಮೈಮೇಲೆ ಗಂಡನ ಅಂಗಿ, ಎರಡೂ ಕೈ ಬರಿದು. ಅವಳು ನನ್ನ ಕೈ ನೋಡಿದಳು, ಗಂಡನ ಖಾಲಿ ಕುರ್ಚಿ ನೋಡಿದಳು, "ಯವ್ವಾ ಪ್ರೇಮಕ್ಕಾ!" ಎಂದು ಬಟ್ಟಲು ಅಲ್ಲೇ ಕೆಡವಿ ಓಡಿದಳು. ಮಷೀನಿನ ಸದ್ದಿನಲ್ಲಿ ನನಗೆ ಏನೂ ತಿಳಿಯಲಿಲ್ಲ. ಅವಳ ಫೋನಿನಲ್ಲಿ ಬಾಳುವಿನ ನಂಬರ್ ಇತ್ತು.

ನಿಮ್ಮ ಭಾವ ಇದ್ದದ್ದು ಕ್ಷೌರದ ಅಂಗಡಿಯಲ್ಲಿ. ಯಾರೋ ಓಡಿ ಬಂದು "ನಿಮ್ಮ ಮನೀ ಮುಂದ ಮಂದಿ ಕೂಡ್ಯಾರ" ಎಂದದ್ದಕ್ಕೆ ಅರ್ಧ ಗಡ್ಡದಲ್ಲಿ ಎದ್ದು ಬಂದರು. ತಾವು ಸತ್ತ ಸುದ್ದಿ ಕೇಳಿ ಎಲ್ಲರಿಗಿಂತ ಹೆಚ್ಚು ಗಾಬರಿಯಾದವರು ಅವರೇ. ಅವರು ಅಂಗಳದಲ್ಲಿ ನಿಂತು ಜನರನ್ನು ಸಮಾಧಾನ ಮಾಡುತ್ತಿರುವಾಗ ವಾಕಡದಿಂದ ನಿಮ್ಮ ರಿಕ್ಷಾ ಬಂತು. ಬಾಳು ಜಿಗಿದು ಅಣ್ಣನನ್ನು ತಬ್ಬಿಕೊಂಡ. ಒಬ್ಬರ ಗಲ್ಲದ ನೊರೆ ಇನ್ನೊಬ್ಬರಿಗೆ ಹತ್ತಿತು, ಇಬ್ಬರೂ ನಗುತ್ತ ಅಳುತ್ತ ನಿಂತರು.

ನೀನು ಗೇಟಿನ ಹತ್ತಿರ ನಿಂತಿದ್ದೆ. ಒಂದು ಕಾಲಲ್ಲಿ ನಿನ್ನ ಚಪ್ಪಲಿ, ಇನ್ನೊಂದರಲ್ಲಿ ಬಣ್ಣದ ಚಪ್ಪಲಿ, ರೇಣುವಿನದಿರಬೇಕು. ಭಾವ ಬದುಕಿದ್ದಾರೆಂದು ನೋಡಿದೆ, ಸೆರಗಿನಿಂದ ಮುಖ ಒರೆಸಿಕೊಂಡೆ, ಗಂಡನನ್ನೂ ಬಿಟ್ಟು ಅದೇ ರಿಕ್ಷಾದಲ್ಲಿ ತಿರುಗಿ ಹೋದೆ. ಕೂಗಿ ಕರೆಯಬೇಕೆನಿಸಿತು. ಹನ್ನೊಂದು ವರ್ಷ ಮಾತು ಬಿಟ್ಟ ಬಾಯಿ, ಬೇಕಾದಾಗ ತೆರೆಯಲಿಲ್ಲ.

ಯಾಕೆ ಬಂದಿದ್ದೆ?

ಪ್ರೇಮಾವತಿ


ವಾಕಡ
೨೭ ಜುಲೈ ೨೦೨೫

ಅಕ್ಕಾವರಿಗೆ,

ಹಡಪಸರದಲ್ಲಿ ಮೆಂತ್ಯ ಪಲ್ಯ ತಾಜಾ ಸಿಗುತ್ತದೆಂದು ಕೇಳಿದ್ದೆ. ಅದಕ್ಕೆ ಬಂದಿದ್ದೆ.

ಮೇಲಿನ ಸಾಲು ಬರೆದು ನಾಲ್ಕು ದಿನ ಕಾಗದವನ್ನು ಹಾಗೇ ಇಟ್ಟಿದ್ದೆ. ಅದನ್ನು ಹೊಡೆದುಹಾಕುವುದಿಲ್ಲ, ಆದರೆ ನಿಜವನ್ನೂ ಬರೆಯುತ್ತೇನೆ. ದಾರಿಯುದ್ದ ಭಾವನವರಿಗಾಗಿ ಅಳು ಬಂತು. ಅದಕ್ಕಿಂತ ಹೆಚ್ಚಾಗಿ, ಇಂಥ ಹೊತ್ತಿನಲ್ಲಿ ನಿಮ್ಮ ಕೈ ಹಿಡಿದು ಕೂರಬೇಕಾದವಳು ನಾನು, ಬಾಗಿಲಲ್ಲಿ ನಿಂತು ಮೊದಲ ಮಾತು ಏನು ಆಡಲಿ ಎಂದು ಹೊಳೆಯದೆ ಅಳು ಬಂತು. ಅಲ್ಲಿ ನೋಡಿದರೆ ಅವರು ನೊರೆ ಹಚ್ಚಿಕೊಂಡು ನಿಂತಿದ್ದಾರೆ. ಬದುಕಿದ್ದಾರಲ್ಲ ಎಂಬ ಸಂತೋಷಕ್ಕೇ ನನಗೆ ಸಿಟ್ಟು ಬಂತು. ನಿಂತಿದ್ದರೆ ಬೈದುಬಿಡುತ್ತಿದ್ದೆ, ಬೈದರೆ ಮಾತಾಡಿದಂತಾಗುತ್ತಿತ್ತು.

ಒಂದು ಕೆಲಸ ಮಾಡಿ. ಬಳೆಯನ್ನು ಮೊಳೆಗೆ ತೂಗುಹಾಕಬೇಡಿ, ನೋಡಿದವರ ಎದೆ ಒಡೆಯುತ್ತದೆ. ತೆಗೆದು ಭಾವನವರ ಕೈಗೆ ಕೊಡಿ. ಮಷೀನು ನಿಂತ ಮೇಲೆ ಅವರೇ ನಿಮ್ಮ ಕೈಗೆ ಹಾಕಲಿ. ಅವರೂ ಕಣ್ಣಮುಂದೆ ಕೂತ ಹಾಗಾಯಿತು, ಸಾಬವ್ವನಿಗೂ ಸಮಾಧಾನ.

ಗೋದಾ


ಹಡಪಸರ
೨೪ ಆಗಸ್ಟ್ ೨೦೨೫

ಗೋದಾ,

ಮೆಂತ್ಯ ಇಲ್ಲಿ ಬಾರಾ ಮಹಿನೆ ಸಿಗುತ್ತದೆ. ಯಾವಾಗ ಬೇಕಾದರೂ ಬರಬಹುದು.

ನೀನು ಹೇಳಿದಂತೆಯೇ ನಡೆದಿದೆ. ಬಳೆ ಅವರ ಕೈಗೆ ಹೋಗುವುದಿಲ್ಲ, ಬೆರಳುಗಳಿಗೆ ಏರಿಸಿಕೊಂಡು ಬಾಗಿಲಲ್ಲಿ ಕುರ್ಚಿ ಹಾಕಿ ಪೇಪರು ಓದುತ್ತಾರೆ. ಪುಟ ತಿರುವಿದಾಗಲೆಲ್ಲ ಕಿಣಿಕಿಣಿ. ಕೆಲಸ ಮುಗಿದ ಮೇಲೆ ಒಂದೊಂದಾಗಿ ನನ್ನ ಕೈಗೆ ಹಾಕುತ್ತಾರೆ. ಲಗ್ನವಾದ ಹೊಸತರಲ್ಲೂ ಈ ಮನುಷ್ಯ ನನಗೆ ಬಳೆ ತೊಡಿಸಿರಲಿಲ್ಲ. ನಾಚಿಕೆಯಾಗುತ್ತದೆ, ಬೇಡ ಅನ್ನುವುದಿಲ್ಲ.

ಈಗ ಸೋಲಿನ ಸುದ್ದಿ. ಹಿತ್ತಾಳೆಯ ಗಟ್ಟಿ ತುಂಡು ತಂದು ದಿಂಡು ಕಡೆಯಲು ಹಿಡಿದೆ. ಹಿತ್ತಾಳೆ ಕಬ್ಬಿಣದಂತೆ ಸುರುಳಿ ಬಿಡುವುದಿಲ್ಲ, ರವೆಯ ಹಾಗೆ ಸಿಡಿಯುತ್ತದೆ. ಅಡಿಗೆಮನೆಯವರೆಗೂ ಬಂಗಾರದ ರವೆ. ಕೊಳವೆಯೊಳಗೆ ಹೋಗಲು ಇನ್ನು ಕೂದಲೆಳೆಯಷ್ಟು ಕಡೆಯಬೇಕೆಂದು ಅಳತೆಯ ಚಕ್ರವನ್ನು ಅಷ್ಟೇ ತಿರುಗಿಸಿದೆ. ತೆಗೆದು ನೋಡಿದರೆ ದಿಂಡು ಕೊಳವೆಯಲ್ಲಿ ಗಳಗಳ ಆಡುತ್ತಿದೆ. ನಾನು ಒಂದು ಪಟ್ಟು ಅಂದರೆ ಅದು ಎರಡು ಪಟ್ಟು ತಿಂದಿತ್ತು. ತಲೆ ಕೆಟ್ಟು ಕೂತಿದ್ದಾಗ ತಟ್ಟನೆ ಹೊಳೆಯಿತು. ಮಡಿಚಿದ ಬಟ್ಟೆ ಕತ್ತರಿಸಿದರೆ ಬಿಚ್ಚಿದಾಗ ಎರಡರಷ್ಟು ಹೋಗಿರುತ್ತದಲ್ಲ? ತಿರುಗುವ ತುಂಡು ಮಡಿಚಿದ ಬಟ್ಟೆಯೇ. ಉಳಿ ಒಂದು ಕಡೆ ತಾಗಿದರೂ ಕಡಿಮೆಯಾಗುವುದು ಎರಡೂ ಕಡೆ. ಇಷ್ಟು ವರ್ಷ ಬ್ಲೌಸು ಕತ್ತರಿಸಿದವಳಿಗೆ ಇದು ತಿಳಿಯಲು ಒಂದು ಹಿತ್ತಾಳೆ ತುಂಡು ಹಾಳಾಗಬೇಕಾಯಿತು. ಬ್ಲೌಸಿನಲ್ಲಾದರೆ ಒಳಗೆ ಬಟ್ಟೆ ಬಿಟ್ಟಿರುತ್ತೇವೆ, ಬಿಚ್ಚಿ ಹೊಲಿಯಬಹುದು. ಇಲ್ಲಿ ಕಡೆದದ್ದು ಮತ್ತೆ ಕೂಡುವುದಿಲ್ಲ.

ಆದರೂ ಹಟಕ್ಕೆ ಹಿಟ್ಟು ತುಂಬಿ ಒತ್ತಿದೆ. ಹಿಟ್ಟು ಕೆಳಗೆ ಇಳಿಯುವ ಬದಲು ದಿಂಡಿನ ಪಕ್ಕದಿಂದ ಮೇಲೆದ್ದು ಬಂದು ನನ್ನ ಕೈಗೇ ಮೆತ್ತಿಕೊಂಡಿತು. ಮುಂದಿನ ತುಂಡಿಗೆ ಹೇಳಿದ್ದೇನೆ.

ಪ್ರೇಮಾವತಿ


ವಾಕಡ
೩೧ ಆಗಸ್ಟ್ ೨೦೨೫

ಅಕ್ಕಾವರಿಗೆ,

ಒಂದೇ ವಿಷಯ. ಅಳತೆಯನ್ನು ಕೊಳವೆಯ ಬಾಯಲ್ಲಿ ತೆಗೆದುಕೊಳ್ಳುತ್ತಿದ್ದರೆ ತಪ್ಪು. ಅತ್ತೆಯವರು ಒತ್ತಿ ಒತ್ತಿ ಬಾಯಿ ಸವೆದು ಅಗಲವಾಗಿದೆ. ದಿಂಡು ಮೇಲೆ ಸಡಿಲ, ಕೆಳಗೆ ಹೋದ ಹಾಗೆ ಬಿಗಿ. ಹಿಂದೆ ಹಿಟ್ಟು ತುಂಬುವವರು ನೀವು, ಒತ್ತುವವಳು ನಾನು. ಅದಕ್ಕೆ ಅದು ನನ್ನ ಅಂಗೈಗೆ ಗೊತ್ತು, ನಿಮಗೆ ಗೊತ್ತಿಲ್ಲ. ಬುಡದಲ್ಲಿ ಅಳೆಯಿರಿ.

ಭಾವನವರು ಬಳೆ ತೊಡಿಸುವ ಸುದ್ದಿಯನ್ನು ಇಲ್ಲಿ ಒಬ್ಬರಿಗೆ ಓದಿ ಹೇಳಿದೆ. ಕೇಳದವರಂತೆ ಟಿ.ವಿ. ಜೋರು ಮಾಡಿದರು.

ಗೋದಾ


ಹಡಪಸರ
೧೪ ಸೆಪ್ಟೆಂಬರ್ ೨೦೨೫

ಗೋದಾ, ಗೋದಾ!

ಕೂಡಿತು! ಬುಡದಲ್ಲಿ ಅಳೆದೆ, ತುಸು ತುಸುವೇ ಕಡೆದೆ, ಪ್ರತಿ ಸಲ ಮಷೀನು ನಿಲ್ಲಿಸಿ ಕೊಳವೆ ಹಿಡಿದು ನೋಡಿದೆ. ಕೊನೆಗೆ ದಿಂಡನ್ನು ಕೊಳವೆಯ ಮೇಲಿಟ್ಟು ಕೈ ಬಿಟ್ಟರೆ ಅದು ತನ್ನಷ್ಟಕ್ಕೆ ಮೆಲ್ಲಗೆ ಇಳಿಯಿತು, ಒಳಗಿನ ಗಾಳಿ ಉಸ್ಸೆಂದು ಹೊರಗೆ ಬಂತು. ಆ ಸದ್ದಿಗೆ ನಿಮ್ಮ ಭಾವ ಪೇಪರು ಬಿಟ್ಟು ಎದ್ದು ಬಂದರು. ನಿನ್ನ ದಿಂಡಿಗೆ ಇದ್ದಂತೆಯೇ ತಲೆಯಲ್ಲಿ ಅಡ್ಡಲಾಗಿ ಈ ಕಡೆಯಿಂದ ಆ ಕಡೆಗೆ ಆರಪಾರ ತೂತು ಕೊರೆದು ಹಿಡಿಯ ಸರಳು ಹಾಕಿದ್ದೇನೆ.

ಸಂಜೆಯೇ ಚಕ್ಕುಲಿ ಒತ್ತಿದೆ. ಮುಳ್ಳು ಮುಳ್ಳಾಗಿ ಎದ್ದು ಬಂದವು, ಅತ್ತೆಯವರ ಕೈಯಂತೆಯೇ. ಸಾಬವ್ವ ತಿಂದು, ಅಂದಿನ ಗದ್ದಲಕ್ಕೆ ಇದು ಪರಿಹಾರ ಎಂದಳು. ಇನ್ನು ನನಗೆ ಯಾರ ಹಂಗೂ ಇಲ್ಲ, ಯಾರ ದಿಂಡೂ ಬೇಡ! ರೇಣುವಿನ ಬುತ್ತಿಗೆ ಎಷ್ಟು ಬೇಕೋ ಹೇಳಿ ಕಳಿಸು, ಡಬ್ಬಿ ತುಂಬಿ ಬಾಳುವಿನ ಕೈಯಲ್ಲಿ ಕೊಡುತ್ತೇನೆ.

ಹಿಗ್ಗಿ ಹೀರೇಕಾಯಿಯಾಗಿರುವ
ಪ್ರೇಮಾವತಿ


ವಾಕಡ
೨೫ ಸೆಪ್ಟೆಂಬರ್ ೨೦೨೫

ಅಕ್ಕಾವರಿಗೆ,

ಕೂಡಿತಲ್ಲ, ಸಂತೋಷ. ನೀವು ಹಿಡಿದದ್ದು ಬಿಡುವವರಲ್ಲವೆಂದು ಗೊತ್ತಿತ್ತು.

ನಿಮ್ಮ ಕಾಗದ ಓದಿದ ಮೇಲೆ ನನ್ನ ದಿಂಡನ್ನು ಬಾಗಿಲಿನಿಂದ ತೆಗೆದು ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳಗಿದೆ. ಯಾಕೆ ಬೆಳಗಿದೆನೋ. ನಿಮ್ಮ ಹತ್ತಿರ ಕೊಳವೆ ಖಾಲಿ ಇರುವಷ್ಟು ದಿನ ಇದಕ್ಕೆ ಒಂದು ಜಾಗ ಇತ್ತು. ಒಂದು ದಿನ ನೀವು ಕೇಳುತ್ತೀರಿ, ಅಥವಾ ನಾನೇ ತರುತ್ತೇನೆ, ಅಂತ ಎಲ್ಲೋ ಇತ್ತು. ಈಗ ಇದು ಬರೀ ಯಾಲಕ್ಕಿ ಕುಟ್ಟುವ ಹಿತ್ತಾಳೆ. ಹಳೆ ಪಾತ್ರೆ ಕೊಳ್ಳುವ ಮೋಡಕಾದವನು ಬಂದರೆ ಹಾಕಿಬಿಡಲೇ ಎಂದು ಯೋಚಿಸುತ್ತಿದ್ದೇನೆ.

ಲಗ್ನಪತ್ರಿಕೆ ಅಚ್ಚಿಗೆ ಹೋಗಿದೆ. ಹಾದಿ ದೂರ, ಎಲ್ಲರ ಮನೆಗೂ ಹೋಗುವುದು ಆಗಲಿಕ್ಕಿಲ್ಲ. ಅಂಚೆಯಲ್ಲಿ ಬರುತ್ತದೆ.

ಗೋದಾ


ಹಡಪಸರ
೨ ಅಕ್ಟೋಬರ್ ೨೦೨೫, ವಿಜಯದಶಮಿ

ಗೋದಾ,

ನಿನ್ನೆ ಖಂಡೇನವಮಿ. ಮಷೀನಿಗೆ ಪೂಜೆ ಮಾಡಿದೆ. ನೀರಿಲ್ಲ, ಕಾಯಿಯನ್ನು ಅಂಗಳದಲ್ಲಿ ಒಡೆದೆ. ಎಣ್ಣೆ ಹಚ್ಚಿ ಚೆಂಡುಹೂ ಏರಿಸಿದೆ. ವಿಭೂತಿಯಂತೂ ಇದ್ದೇ ಇದೆ. ಪೂಜೆಯ ದಿನ ಅದನ್ನು ಚಾಲೂ ಮಾಡಬಾರದು, ಅದಕ್ಕೆ ಮೊನ್ನೆಯೇ ಒಂದು ಕೆಲಸ ಮುಗಿಸಿಕೊಂಡೆ.

ರೇಣುವಿಗೆ ಒಂದು ಕುಂಕುಮದ ಭರಣಿ ಕಡೆದಿದ್ದೇನೆ. ಹೊರಗೆ ಕಡೆಯುವುದಕ್ಕಿಂತ ಒಳಗೆ ಕೊರೆಯುವುದು ಕಷ್ಟ, ಕಣ್ಣಿಗೆ ಕಾಣುವುದಿಲ್ಲ, ಸದ್ದು ಕೇಳಿಯೇ ಮಾಡಬೇಕು. ಮುಚ್ಚಳ ಚೆನ್ನಾಗಿ ಕೂಡುತ್ತದೆ. ಇವತ್ತು ಬಾಳು ಬನ್ನಿ ಕೊಡಲು ಬಂದಿದ್ದ, ಅವನ ಕೈಯಲ್ಲಿ ಭರಣಿಯನ್ನೂ ಈ ಕಾಗದವನ್ನೂ ಕಳಿಸುತ್ತಿದ್ದೇನೆ.

ದಿಂಡನ್ನು ಮೋಡಕಾಕ್ಕೆ ಹಾಕಬೇಡ.

ಬನ್ನಿ ಹಿಡಿದುಕೊಂಡು ಕಿರಿಯರು ಹಿರಿಯರ ಮನೆಗೆ ಬರುವುದು ರೀತಿ. ಈ ಸಲ ಹಿರಿಯಳೇ ಎರಡು ಎಲೆ ಇದರಲ್ಲಿ ಇಟ್ಟಿದ್ದಾಳೆ. ತೆಗೆದುಕೋ. ಬಂಗಾರದ ಹಾಗೆ ಇರೋಣ.

ಪ್ರೇಮಾವತಿ


ವಾಕಡ
೬ ಅಕ್ಟೋಬರ್ ೨೦೨೫

ಅಕ್ಕಾ,

ಭರಣಿಯ ಮುಚ್ಚಳದಲ್ಲಿ ಆರಪಾರ ಒಂದು ತೂತು ಇದೆ. ಅದರಲ್ಲಿ ಕೆಂಪು ದಾರ ಪೋಣಿಸಿ ಗೊಂಡೆ ಕಟ್ಟಿದ್ದೀರಿ. ರೇಣು "ಎಷ್ಟ ಚಂದ ಡಿಸೈನ್ ಮಾಡ್ಯಾಳ ದೊಡ್ಡವ್ವ" ಅಂದಳು. ನಾನು ಆ ತೂತನ್ನೇ ನೋಡುತ್ತಿದ್ದೆ. ಕುಂಕುಮದ ಭರಣಿಗೆ ಯಾರು ತೂತು ಹಾಕುತ್ತಾರೆ?

ಅವಳು ಆಫೀಸಿಗೆ ಹೋದ ಮೇಲೆ ದಾರ ಬಿಚ್ಚಿದೆ. ನನ್ನ ದಿಂಡಿನ ಹಿಡಿಯ ಸರಳು ಕಳಚಿ ಆ ತೂತಿಗೆ ಹಾಕಿದೆ. ಸರಿಯಾಗಿ ಕೂತಿತು.

ಬೇಸಿಗೆ ಕಳೆದಾಗಿನಿಂದ ಕೈಗೆ ಎಣ್ಣೆ ಮಾಡಿಕೊಂಡು, ಬಳೆ ತೆಗೆದು, ಗಂಡ ಇರುವಾಗಲೇ ಊರವರಿಂದ ಅಳಿಸಿಕೊಂಡು ಮಾಡಿದ ದಿಂಡು ಅದು. ಕಡೆದದ್ದು ಮತ್ತೆ ಕೂಡುವುದಿಲ್ಲವೆಂದು ಬರೆದವರು ನೀವೇ. ಅದನ್ನೇ ಕಡೆದು ಕೊರೆದುಬಿಟ್ಟಿರಿ. ಈಗ ನಿಮ್ಮ ಕೊಳವೆ ಮತ್ತೆ ಖಾಲಿ. ನೀವು ಇದನ್ನು ಬಾಯಿಬಿಟ್ಟು ಹೇಳಲೂ ಇಲ್ಲ.

ಭಾನುವಾರ ಬರುತ್ತೇನೆ. ಪತ್ರಿಕೆ ತರುತ್ತೇನೆ, ಆ ಭರಣಿಯಲ್ಲೇ ಕುಂಕುಮ ತರುತ್ತೇನೆ, ದಿಂಡು ತರುತ್ತೇನೆ. ಮಾತು ಬರುತ್ತದೋ ಇಲ್ಲವೋ ಈಗಲೇ ಹೇಳಲಾರೆ. ನೀವು ಹಿಟ್ಟು ಕಲಸಿ ಇಡಿ.

ನಿಮ್ಮ
ಗೋದಾ


ಹಡಪಸರ
೧೪ ಅಕ್ಟೋಬರ್ ೨೦೨೫

ಗೋದಾ,

ಈಗ ಫೋನಿನಲ್ಲೇ ಮಾತಾಡಬಹುದು, ಬೆಳಿಗ್ಗೆ ಒಂದು ಗಂಟೆ ಮಾತಾಡಿದ್ದೂ ಆಯಿತು. ಆದರೂ ಬರೆಯುವ ರೂಢಿ ಬಿದ್ದಿದೆ, ಮತ್ತು ಒಂದು ಸುದ್ದಿ ಹೇಳುವುದು ಉಳಿದಿದೆ.

ಮೊನ್ನೆ ನೀನು ಬರುವ ಹೊತ್ತಿಗೆ ಬಾಗಿಲಲ್ಲಿ ನಿಂತಿರಬೇಕು, ಹೀಗೆ ಹೇಳಬೇಕು, ಹಾಗೆ ಹೇಳಬೇಕು ಎಂದೆಲ್ಲ ಲೆಕ್ಕ ಹಾಕಿದ್ದೆ. ಕೂತಲ್ಲಿ ಕೂರಲಾಗಲಿಲ್ಲ. ಸಮಾಧಾನಕ್ಕೆಂದು ಮಷೀನಿನ ಮುಂದೆ ಹೋಗಿ ಏನೋ ಒಂದು ತುಂಡು ಹಚ್ಚಿದೆ. ತಲೆ ಎತ್ತಿದರೆ ನೀನು ಎದುರಿಗೇ ಇದ್ದೆ. ಒಂದು ಕೈಯಲ್ಲಿ ದಿಂಡು, ಒಂದು ಕೈಯಲ್ಲಿ ಭರಣಿ. ನಾನು ಬಾಯಿ ತೆರೆಯುವಷ್ಟರಲ್ಲಿ ನೀನೇ ಗದರಿದೆ: "ಮದ್ಲ ಆ ಮಷೀನ್ ಬಂದ್ ಮಾಡ್ರಿ ಅಕ್ಕಾ! ಮುಂಜಾನೆದ್ದು ಬರೇ ಕೈ ಮಾಡ್ಕೊಂಡು ನಿಂತಾರ! ಭಾವಾರ, ಬಳಿ ಎಲ್ಲಿ ಇಟ್ಟೀರಿ? ನಾ ಕುಂಕುಮ ಹೆಂಗ ಹಚ್ಚಲಿ?"

ಹನ್ನೊಂದು ವರ್ಷದ ಮೇಲೆ ನೀನು ಆಡಿದ ಮೊದಲ ಮಾತು ಬೈಗುಳ. ಅಷ್ಟು ಇಂಪಾದ ಮಾತನ್ನು ನಾನು ಈಚೆಗೆ ಕೇಳಿಲ್ಲ. ಅಂದು ಬಳೆಯನ್ನು ನಿಮ್ಮ ಭಾವ ತೊಡಿಸಲಿಲ್ಲ, ನೀನು ತೊಡಿಸಿದೆ. ಲಗ್ನಕ್ಕೆ ಎಂಟು ದಿನ ಮೊದಲೇ ಬಂದು ಇರುತ್ತೇನೆ, ಚಾಪೆ ಹಾಸಿಡು.

ಸುದ್ದಿ ಇದು. ಆ ದಿನ ಚಕ್ಕುಲಿ ಒತ್ತಿದ ಮೇಲೆ ಮಾತಿಗೆ ಕೂತೆವಲ್ಲ, ಕತ್ತಲಾಗುವವರೆಗೂ ಏಳಲಿಲ್ಲ. ಒರಳು ತೊಳೆಯುವುದನ್ನು ಇಬ್ಬರೂ ಮರೆತೆವು. ನಿನ್ನೆ ನೋಡಿದರೆ ಒಳಗಿನ ಹಿಟ್ಟು ಒಣಗಿ ಸಿಮೆಂಟಾಗಿದೆ. ನಿನ್ನ ದಿಂಡು ನನ್ನ ಕೊಳವೆಯೊಳಗೆ ಸಿಕ್ಕಿಕೊಂಡು ಕೂತಿದೆ. ನಿಮ್ಮ ಭಾವ ಎಳೆದರು, ಸಾಬವ್ವ ಎಳೆದಳು. ಮಾಂತು ಬಂದವನು ಚಕ್ಕಿಗೆ ಕಚ್ಚಿಸಿ ಬಿಡಿಸಿಕೊಡುತ್ತೇನೆ ಎಂದ, ಬೇಡವೆಂದೆ. ಊದಿನಕಡ್ಡಿಯನ್ನು ಒಂದು ಲೋಟದಲ್ಲಿ ನಿಲ್ಲಿಸಿ, ಒರಳನ್ನು ಇಡಿಯಾಗಿ ಮಷೀನಿನ ಮೇಲಿನ ಗೂಡಿನಲ್ಲಿ ಇಟ್ಟಿದ್ದೇನೆ.

ಬಿಸಿನೀರಿನಲ್ಲಿ ನೆನೆಹಾಕಿದರೆ ಬಿಟ್ಟುಕೊಳ್ಳುತ್ತದೆ, ಅಷ್ಟು ನನಗೂ ಗೊತ್ತು. ಬುತ್ತಿಯ ಹಿಟ್ಟು ಕಲಸುವ ದಿನ ನೀನು ಬಂದ ಮೇಲೆ ನೆನೆಹಾಕೋಣ. ಅಲ್ಲಿಯವರೆಗೆ ಹಾಗೇ ಇರಲಿ.

ನಿನ್ನ ಅಕ್ಕ
ಪ್ರೇಮಾವತಿ